ಸುಳ್ಳಾಗದ ರಕ್ತ

"ನಿಂತುಹೋಗಿದೆ," ಎಂದರು ಗಡಿಯಾರದ ಅಂಗಡಿಯ ಯಜಮಾನರು.

ಕೈಗಡಿಯಾರವನ್ನು ಕಿವಿಗೆ ಒತ್ತಿ ಹಿಡಿದಿದ್ದರು. ಕಣ್ಣು ಅರ್ಧ ಮುಚ್ಚಿತ್ತು. ಎದುರಿನ ಸ್ಟೂಲಿನ ಮೇಲೆ ಕುಳಿತಿದ್ದ ಇನ್ಸ್‌ಪೆಕ್ಟರಮ್ಮನಿಗೆ ಅವರ ಬೆರಳುಗಳ ಸಂದಿಯಿಂದ ಗಡಿಯಾರದ ಮುಖ ಕಾಣುತ್ತಿತ್ತು. ಸೆಕೆಂಡಿನ ಮುಳ್ಳು ತನ್ನ ಪಾಡಿಗೆ ತಾನು ಓಡುತ್ತಿತ್ತು.

"ಓಡ್ತಾ ಇದೆಯಲ್ಲ ಯಜಮಾನ್ರೇ."

"ಏನಂದ್ರಿ?"

"ಓಡ್ತಾ ಇದೆ ಅಂದೆ!"

ಅವರು ಗಡಿಯಾರವನ್ನು ಕಣ್ಣಿನ ಹತ್ತಿರ ತಂದರು. ಮುಳ್ಳು ನೋಡಿದರು. ಮತ್ತೆ ಕಿವಿಗಿಟ್ಟರು, ಈ ಸಲ ಇನ್ನೊಂದು ಕಿವಿಗೆ. ಜೀವಮಾನವೆಲ್ಲ ಟಿಕ್‌ ಟಿಕ್‌ ಕೇಳಿಯೇ ಅನ್ನ ತಿಂದ ಮನುಷ್ಯ. ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ ಮುಖ ಕೆಳಗೆ ಹಾಕಿದರು.

ಅವರ ಪಾದಗಳು ಹಿಟ್ಟು ಉಬ್ಬಿದ ಹಾಗೆ ಉಬ್ಬಿ ಚಪ್ಪಲಿಯ ಪಟ್ಟಿಯ ಆಚೆಗೆ ಉಕ್ಕಿದ್ದವು. ಉಸಿರಿನಲ್ಲಿ ಒಂದು ವಾಸನೆಯಿತ್ತು. ಶುಚಿ ಮಾಡದ ಪಾಯಿಖಾನೆಯ ವಾಸನೆ. ಸೋಸಿ ಹೊರಗೆ ಹಾಕಬೇಕಾದ ಹೊಲಸನ್ನು ದೇಹವು ಒಳಗೇ ಇಟ್ಟುಕೊಂಡರೆ ಅದು ಬಾಯಿಂದ ಬರುತ್ತದೆ ಎಂದು ಇನ್ಸ್‌ಪೆಕ್ಟರಮ್ಮನಿಗೆ ಈ ಪ್ರಕರಣ ಕಲಿಸಿತ್ತು. ಅವಳಿಗೆ ಅಸಹ್ಯವಾಯಿತು. ಎದುರಿಗಿದ್ದ ಬಡಪಾಯಿಯನ್ನು ಕಂಡು ಅಲ್ಲ, ಅವರನ್ನು ಈ ಗತಿಗೆ ತಂದವರನ್ನು ನೆನೆದು.

ಒಳಗಿನಿಂದ ಅವರ ಹೆಂಡತಿ ಬಂದರು. ಕೈಯಲ್ಲಿ ಒಂದು ಪುಟ್ಟ ಲೋಟ. ಅದರ ತಳದಲ್ಲಿ ಒಂದು ಗುಟುಕು ನೀರು.

"ಆಪರೇಷನ್ ಆದಾಗಿನಿಂದ ಹೀಗೇ ತಾಯಿ. ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅಂತಾರಲ್ಲ, ಹಾಗೆ. ಹೃದಯ ಸರಿಯಾಯ್ತು, ಕಿಡ್ನಿ ಕೆಟ್ಟಿತು. ಕಿಡ್ನಿ ಸಾಲದು ಅಂತ ಕಿವಿ. ಕಿವಿಯೊಳಗೆ ಜೀರುಂಡೆ ಕೂತಿದೆ ಅಂತಾರೆ. ಹಗಲೂ ಜಿರ್‌ ಅನ್ನುತ್ತಂತೆ."

"ಕಿವಿ ಮುಂಚೆ ಚೆನ್ನಾಗಿತ್ತಾ?"

"ಅಯ್ಯೋ, ನಾನು ಅಡುಗೆಮನೇಲಿ ಗೊಣಗಿದ್ದು ಇವರಿಗೆ ಅಂಗಡೀಲಿ ಕೇಳಿಸ್ತಿತ್ತು! ಅದೊಂದು ಕಾಟ ತಪ್ಪಿತಲ್ಲ ಅಂತ ಮೊದಲು ನಕ್ಕಿದ್ದೆ." ಆಕೆ ಈಗ ನಗಲಿಲ್ಲ. "ರೀ, ನೀರು! ನಿಧಾನ! ಮಧ್ಯಾಹ್ನದ ತನಕ ಡಾಕ್ಟರು ಹೇಳಿರೋದು ಇಷ್ಟೇ!"

ಯಜಮಾನರು ಲೋಟ ಹಿಡಿದು ನೀರನ್ನು ನೆಕ್ಕಿದರು. ಕುಡಿಯಲಿಲ್ಲ, ನೆಕ್ಕಿದರು.

ಇನ್ಸ್‌ಪೆಕ್ಟರಮ್ಮ ಥಟ್ಟನೆ ಎದ್ದು ನಿಂತಳು. ನಿನ್ನೆ ನೋಡಿ ಬಂದಿದ್ದ ಬಸ್ ಡ್ರೈವರ್ ಕೂಡ ಮಾತು ಮಾತಿಗೆ "ಏನಂದ್ರಿ" ಎಂದಿದ್ದ. ಬೇಕರಿಯ ಅಜ್ಜಿ ಕೂಡ. ಡ್ರೈವರಿಗೆ ಇಂಜಿನ್ನಿನ ಗದ್ದಲ, ಅಜ್ಜಿಗೆ ವಯಸ್ಸು ಎಂದುಕೊಂಡು ಸುಮ್ಮನಾಗಿದ್ದಳು. ಮೂವರಿಗೂ ಹೃದಯದ ಆಪರೇಷನ್ ಆದದ್ದು ಒಂದೇ ಆಸ್ಪತ್ರೆಯಲ್ಲಿ. ಮೂವರಿಗೂ "ನಿಮ್ಮ ಕಿಡ್ನಿ ಕೆಡುತ್ತದೆ" ಎಂದು ಮುಂಚೆಯೇ ಹೇಳಿದ್ದು ಒಂದೇ ರಕ್ತಪರೀಕ್ಷೆ.

ನಾಲ್ಕನೆಯವರು ಈಜು ಮೇಷ್ಟ್ರು. ಅವರನ್ನು ಕೇಳೋಣವೆಂದರೆ ಅವರು ಉಳಿದಿರಲಿಲ್ಲ. ಊರಿನ ಅರ್ಧ ಮಕ್ಕಳಿಗೆ ನೀರಿನ ಭಯ ಬಿಡಿಸಿದ ಮನುಷ್ಯ ತನ್ನ ಮೈಯೊಳಗೇ ಕಟ್ಟಿಕೊಂಡ ನೀರಿನಲ್ಲಿ ಮುಳುಗಿ ಸತ್ತಿದ್ದರು. ಇನ್ಸ್‌ಪೆಕ್ಟರಮ್ಮನ ಮಗಳಿಗೂ ಈಜು ಕಲಿಸಿದ್ದು ಅವರೇ. ಮೇಷ್ಟ್ರ ಮಗಳು ಪೊಲೀಸ್ ಠಾಣೆಗೆ ಬಂದು ಕುಳಿತದ್ದರಿಂದಲೇ ಈ ಪ್ರಕರಣ ಹುಟ್ಟಿದ್ದು.

*

ಊರಿನ ಇನ್ನೊಂದು ತುದಿಯ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಇನ್ಸ್‌ಪೆಕ್ಟರಮ್ಮನ ಭಾವ ಕೂತು, ಬೇಯಿಸಿದ ಮೊಟ್ಟೆಯ ಸಿಪ್ಪೆ ಸುಲಿಯುತ್ತಿದ್ದರು. ಅಕ್ಕನ ಗಂಡ, ಕಿಡ್ನಿ ಡಾಕ್ಟರು. ಮೂತ್ರದ ಬಣ್ಣದ ಬಗ್ಗೆ ಮಾತಾಡುತ್ತಾ ಎರಡು ತಟ್ಟೆ ಊಟ ಮಾಡಬಲ್ಲ ಜೀವ. ಅದಕ್ಕೇ ಅಕ್ಕ ಮನೆಯಲ್ಲಿ ಅವರಿಗೆ ಬೇರೆ ಮೇಜು ಹಾಕಿದ್ದಳು.

"ಬಾರಮ್ಮಾ ಪತ್ತೇದಾರಿ. ನೀನು ಹೃದಯದ ಆಸ್ಪತ್ರೆಯಿಂದ ವಶಪಡಿಸಿಕೊಂಡು ನನ್ನ ಕೈಗೆ ಕೊಟ್ಟಿದ್ದೆಯಲ್ಲ, ಈಜು ಮೇಷ್ಟ್ರ ರಕ್ತ, ಅದನ್ನ ನಮ್ಮ ಲ್ಯಾಬಲ್ಲಿ ನೋಡಿಸಿದೆ. ತಲೆ ಕೆಟ್ಟುಹೋಗಿದೆ ನಂಗೆ."

"ಏನು ಬಂತು ಭಾವ?"

"ಮೊದಲು ಕೂತ್ಕೋ. ಅರ್ಥ ಆಗೋ ಹಾಗೆ ಹೇಳ್ತೀನಿ." ಅವರು ಮೊಟ್ಟೆ ಕೆಳಗಿಟ್ಟರು. "ಹೃದಯದ ಆಪರೇಷನ್ ಅಂದ್ರೆ ಹೃದಯ ನಿಲ್ಲಿಸಿ, ರಕ್ತ ತಿರುಗಿಸೋ ಕೆಲಸ ಯಂತ್ರಕ್ಕೆ ಕೊಡ್ತಾರೆ. ಆಗ ಕಿಡ್ನಿಗೆ ಪೆಟ್ಟು ಬೀಳಬಹುದು. ಬಿದ್ದಿದೆ ಅಂತ ಹಳೇ ಪರೀಕ್ಷೆ ಹೇಳೋದು ಒಂದೆರಡು ದಿನ ಆದ್ಮೇಲೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಈ ಹೊಸ ಪರೀಕ್ಷೆ ಇದೆಯಲ್ಲ, ಅದು ರಕ್ತದಲ್ಲಿ ಒಂದು ಪ್ರೋಟೀನ್ ಹುಡುಕುತ್ತೆ. ಪೆಟ್ಟು ತಿಂದ ಕಿಡ್ನಿ ಅದನ್ನ ಆವತ್ತೇ ಸಂಜೆಗೆ ರಕ್ತಕ್ಕೆ ಬಿಡುತ್ತೆ. ಬೆಂಕಿ ಕಾಣೋಕೆ ಮುಂಚೆ ಹೊಗೆ ವಾಸನೆ ಹಿಡಿಯೋದು. ತಿಳೀತಾ?"

"ತಿಳೀತು."

"ಒಳ್ಳೇ ಪರೀಕ್ಷೆ. ಆದ್ರೆ ಮನುಷ್ಯರ ಮೈ ನೋಡು, ಹೊಗೆ ಬಂದ ಕಡೆಯೆಲ್ಲ ಬೆಂಕಿ ಇರಲ್ಲ. ಆಗಾಗ ತಪ್ಪುತ್ತೆ. ನಮ್ಮಲ್ಲಿ ತಪ್ಪುತ್ತೆ, ಎಲ್ಲ ಕಡೆ ತಪ್ಪುತ್ತೆ. ಮೇಷ್ಟ್ರಿಗೆ ಆಪರೇಷನ್ ಆದ ಆ ದೊಡ್ಡ ಡಾಕ್ಟರ ಆಸ್ಪತ್ರೇಲಿ ಮಾತ್ರ ತಪ್ಪೇ ಇಲ್ಲ! ಅವರು 'ಹೆಚ್ಚು' ಅಂದ್ರೆ ಮುಗೀತು, ಕಿಡ್ನಿ ಕೆಡಲೇಬೇಕು. ಅದಕ್ಕೇ ಅವರಿಗೆ ಹಾರ, ತುರಾಯಿ, ಭಾಷಣ. ಪರೀಕ್ಷೆಗೆ ಅವರದ್ದೇ ಹೆಸರು."

"ಈಜು ಮೇಷ್ಟ್ರದ್ದು?"

"ಅದೇ ಹೇಳ್ತಿರೋದು. ಆಪರೇಷನ್ ಆದ ಸಂಜೆಯ ರಕ್ತದಲ್ಲಿ ಆ ಪ್ರೋಟೀನ್ ಇರಬೇಕಾದಷ್ಟೇ ಇದೆ. ಹೆಚ್ಚಿಲ್ಲ! ಕಿಡ್ನಿ ಕಲ್ಲುಗುಂಡಿನ ಹಾಗಿತ್ತು. ಆದ್ರೆ ಮನೆಯವರಿಗೆ ಹೇಳಿದ್ದು 'ಹೆಚ್ಚಿದೆ' ಅಂತ. ಆಮೇಲೆ ಕಿಡ್ನಿ ಕೆಟ್ಟಿದ್ದೂ ನಿಜ. ಸುಳ್ಳು ಶಕುನ ನಿಜ ಆಗಿದೆ. ಹೇಗೆ?"

ಇನ್ಸ್‌ಪೆಕ್ಟರಮ್ಮ ಮುಂದಕ್ಕೆ ಬಾಗಿದಳು. "ಭಾವ, ಕಿಡ್ನಿ ಕೆಡಿಸಿ, ಜೊತೆಗೆ ಕಿವೀನೂ ಕೆಡಿಸೋದು ಏನಾದ್ರೂ ಇದೆಯಾ?"

ಭಾವನ ಕೈ ಮೊಟ್ಟೆಯ ಮೇಲೆ ನಿಂತಿತು.

"ಯಾಕೆ ಕೇಳ್ದೆ?"

ಅವಳು ಗಡಿಯಾರದ ಯಜಮಾನರ ಜೀರುಂಡೆಯ ಕಥೆ ಹೇಳಿದಳು. ಡ್ರೈವರನ ಕಥೆ, ಬೇಕರಿಯ ಅಜ್ಜಿಯ ಕಥೆ. ಭಾವ ಪೂರ್ತಿ ಕೇಳಿಸಿಕೊಳ್ಳಲಿಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ, ಎಂದೂ ಬಿಡದ ಊಟ ಬಿಟ್ಟು, ಮೆಟ್ಟಿಲ ಕಡೆಗೆ ಓಡಿದರು.

ಅವಳು ಕಾದಳು. ಮುಂದಿದ್ದ ಟೀ ಮೇಲೆ ಕೆನೆ ಕಟ್ಟಿತು. ಅದರ ಮೇಲೆ ಒಂದು ನೊಣ ಕುಳಿತಿತು. ಕುಡಿಯುವ ಮನಸ್ಸಾಗಲಿಲ್ಲ.

ಭಾವ ಹಿಂದಿರುಗಿದಾಗ ಮುಖ ಸುಣ್ಣದ ಗೋಡೆಯಾಗಿತ್ತು.

"ಇದೆ," ಎಂದರು ತಗ್ಗಿದ ದನಿಯಲ್ಲಿ. "ಹಳೇ ಕಾಲದ ಆಂಟಿಬಯಾಟಿಕ್ ಇಂಜೆಕ್ಷನ್ ಒಂದಿದೆ. ಬೇಕಾದವರಿಗೆ ಅಳತೆ ನೋಡಿ ಕೊಟ್ರೆ ಅದು ಜೀವ ಉಳಿಸುತ್ತೆ. ಬೇಡದವರಿಗೆ ಸುರಿದ್ರೆ ಕಿಡ್ನಿ, ಕಿವಿ ಎರಡನ್ನೂ ತಿನ್ನುತ್ತೆ. ಸಂಜೆಯ ರಕ್ತದಲ್ಲಿ ಅದು ಇಲ್ಲ. ಮರುದಿನದ ರಕ್ತದಲ್ಲಿ ತುಂಬಿ ತುಳುಕ್ತಿದೆ. ಅವರಿಗೆ ಜ್ವರ ಇರಲಿಲ್ಲ, ನಂಜಿರಲಿಲ್ಲ. ಯಾರೂ ಅದನ್ನ ಬರೆದುಕೊಟ್ಟಿಲ್ಲ."

"ಅಂದ್ರೆ 'ಹೆಚ್ಚು' ಅಂತ ಫಲಿತಾಂಶ ಬಂದ ಮೇಲೆ—"

"ಬಂದ ಮೇಲೆ ಯಾರೋ ಆ ಭವಿಷ್ಯವನ್ನ ನಿಜ ಮಾಡ್ತಿದ್ದಾರೆ." ಭಾವ ತಟ್ಟೆಯನ್ನು ದೂರ ಸರಿಸಿದರು. "ಶಾಸ್ತ್ರ ಹೇಳುವವನು ಮನೆಗೆ ಬೆಂಕಿ ಬೀಳುತ್ತೆ ಅಂತ ಹೇಳಿ, ತಾನೇ ಬಂದು ಕಡ್ಡಿ ಗೀರಿದ ಹಾಗೆ. ಥೂ. ಮೂವತ್ತು ವರ್ಷ ಮೂತ್ರ, ಕೀವು, ರಕ್ತ ನೋಡಿದೀನಿ ಕಣಮ್ಮ. ಒಂದು ದಿನ ಅಸಹ್ಯ ಆಗಿರಲಿಲ್ಲ. ಇವತ್ತು ಆಯ್ತು."

*

ಹೃದಯದ ಆಸ್ಪತ್ರೆಯ ನೆಲ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಬಾಗಿಲು ದಾಟುತ್ತಿದ್ದಂತೆ ದೊಡ್ಡ ಡಾಕ್ಟರ ದೊಡ್ಡ ಭಾವಚಿತ್ರ. ಹಲ್ಲು ಬಿಟ್ಟು ನಗುವ ಅದರ ಕೆಳಗೆ 'ಹನಿ ರಕ್ತದಲ್ಲಿ ನಾಳೆಯನ್ನು ಕಂಡವರು' ಎಂದು ಬರೆದಿತ್ತು.

ಆ ನಗುವಿನ ಒಡೆಯ ಈಗ ಮೇಲಿನ ಮಹಡಿಯ ತೀವ್ರ ನಿಗಾ ಘಟಕದಲ್ಲಿ ಅಂಗಾತ ಮಲಗಿದ್ದರು. ಇನ್ಸ್‌ಪೆಕ್ಟರಮ್ಮ ಅವರನ್ನು ಎದುರಿಗೆ ಕೂರಿಸಿಕೊಂಡು ವಿಚಾರಿಸಬೇಕೆಂದಿದ್ದಾಗಲೇ, ಸನ್ಮಾನದ ವೇದಿಕೆಯ ಮೇಲೆ ಎದೆ ಹಿಡಿದುಕೊಂಡು ಕುಸಿದಿದ್ದರು. ನಿನ್ನೆ ಅವರ ಶಿಷ್ಯನೇ ಅವರ ಎದೆ ಸೀಳಿ ರಿಪೇರಿ ಮಾಡಿದ್ದ. ಬಲೆಗೆ ಬೀಳುವ ಹೊತ್ತಿಗೆ ಸರಿಯಾಗಿ ಮೀನು ಕಾಯಿಲೆ ಬಿದ್ದಿತು ಎಂದು ಠಾಣೆಯಲ್ಲಿ ಎಲ್ಲರೂ ಆಡಿಕೊಂಡಿದ್ದರು.

ಅವಳು ಮೇಲೆ ಹೋಗಲಿಲ್ಲ. ನೆಲಮಾಳಿಗೆಗೆ ಇಳಿದಳು, ರಕ್ತದ ಲ್ಯಾಬಿಗೆ.

ಲ್ಯಾಬಿನ ಮುಖ್ಯಸ್ಥೆಯನ್ನು ಆಸ್ಪತ್ರೆಯಲ್ಲಿ ಎಲ್ಲರೂ ಹಿಂದಿನಿಂದ ಫ್ರಿಜ್ ಮೇಡಂ ಎನ್ನುತ್ತಿದ್ದರು. ರಕ್ತ ಕೂಡಿಡುವ ಫ್ರಿಜ್ಜುಗಳ ಒಡತಿ ಎಂದೋ, ಆಕೆಯ ಮಾತಿನ ತಂಪಿಗೋ. ಕನ್ನಡಕ ಹಣೆಯ ಮೇಲೆ, ಕೂದಲು ಒಂದೆಳೆಯೂ ಆಚೀಚೆ ಇಲ್ಲದ ಗಂಟು. ಆಕೆ ಈಗಷ್ಟೇ ಕೈ ತೊಳೆದು ಗುಲಾಬಿ ಪರಿಮಳದ ಕ್ರೀಮು ಹಚ್ಚಿಕೊಳ್ಳುತ್ತಿದ್ದರು. ಒಂದೊಂದೇ ಬೆರಳಿಗೆ, ಬುಡದಿಂದ ತುದಿಯವರೆಗೆ.

ರಕ್ತದ ಕಬ್ಬಿಣದ ವಾಸನೆಯ ಮೇಲೆ ಗುಲಾಬಿ. ಇನ್ಸ್‌ಪೆಕ್ಟರಮ್ಮ ನೇರ ಆಕೆಯ ಮುಂದೆ ಹೋಗಿ ನಿಂತಳು.

"ಈಜು ಮೇಷ್ಟ್ರ ಸಂಜೆಯ ರಕ್ತ ಚೆನ್ನಾಗಿತ್ತು," ಎಂದಳು, ಕುಳಿತುಕೊಳ್ಳದೆ.

ಫ್ರಿಜ್ ಮೇಡಂ ಕೈ ಉಜ್ಜುವುದನ್ನು ನಿಲ್ಲಿಸಲಿಲ್ಲ. "ಯಾರು ಹೇಳಿದ್ರು?"

"ಅವರ ರಕ್ತವೇ ಹೇಳ್ತು. ಬೇರೆ ಲ್ಯಾಬಲ್ಲಿ ನೋಡಿಸಿದೆ. ಅದರಲ್ಲಿ ಏನೂ ಹೆಚ್ಚಿರಲಿಲ್ಲ. ನೀವು 'ಹೆಚ್ಚು' ಅಂತ ಹೇಳಿದ್ರಿ."

"ಯಂತ್ರ ಒಂದೊಂದ್ಸಲ—"

"ಯಂತ್ರದ ಮೇಲೆ ಹಾಕಬೇಡಿ ಮೇಡಂ. ಕುಣಿಯಲಾರದವಳು ನೆಲ ಡೊಂಕು ಅಂದ ಹಾಗಾಗುತ್ತೆ. ಮರುದಿನದ ರಕ್ತದಲ್ಲಿ ಕಿಡ್ನಿ ಕೆಡಿಸೋ ಔಷಧಿ ಸಿಕ್ಕಿದೆ. ನೀವು ಸುಳ್ಳು ಹೇಳಿದ್ರಿ, ಯಾರೋ ಆ ಸುಳ್ಳನ್ನ ನಿಜ ಮಾಡಿದ್ರು. ಆ ಯಾರೋ ನೀವೇನಾ?"

ಉಜ್ಜುತ್ತಿದ್ದ ಕೈ ನಿಂತಿತು. ಮೇಡಂ ಕನ್ನಡಕವನ್ನು ಹಣೆಯಿಂದ ಇಳಿಸಿ, ಮೊದಲ ಸಲ ಇನ್ಸ್‌ಪೆಕ್ಟರಮ್ಮನನ್ನು ನೇರವಾಗಿ ನೋಡಿದರು. ಆ ಕಣ್ಣುಗಳಲ್ಲಿ ಹೆದರಿಕೆ ಇರಲಿಲ್ಲ. ನಿರಾಳ ಇತ್ತು.

"ಔಷಧಿ ಸಿಕ್ತಾ?" ಎಂದರು. "ನಿಜವಾಗ್ಲೂ ಸಿಕ್ತಾ? ಹಾಗಾದ್ರೆ ನಾನು ಅಂದುಕೊಂಡಿದ್ದು ಸರಿ."

"ಏನು ಅಂದುಕೊಂಡಿದ್ರಿ?"

"ಕೂತ್ಕೊಳ್ಳಿ."

"ನಿಂತೇ ಕೇಳ್ತೀನಿ."

"ಮೊದಮೊದಲು ನನಗೂ ಹೆಮ್ಮೆ ಇತ್ತು ಇನ್ಸ್‌ಪೆಕ್ಟರಮ್ಮ. ದೊಡ್ಡ ಡಾಕ್ಟರಿಗೆ ಹೆಸರು ಹೋದ್ರೂ ಪರೀಕ್ಷೆ ಕಟ್ಟಿದ್ದು ನಾನು. ನಾನು 'ಹೆಚ್ಚು' ಅಂದವರಿಗೆಲ್ಲ ಕಿಡ್ನಿ ಕೆಡ್ತಿತ್ತು. ಒಬ್ಬರೂ ತಪ್ಪಲಿಲ್ಲ. ಚಪ್ಪಾಳೆ ಬಂತು. ಆಮೇಲೆ ಒಂದು ದಿನ ನನಗೇ ಹೆದರಿಕೆ ಆಯ್ತು. ನನ್ನ ಪರೀಕ್ಷೆ ಅಷ್ಟು ಒಳ್ಳೇದಲ್ಲ. ಯಾರ ಪರೀಕ್ಷೆಯೂ ಅಷ್ಟು ಒಳ್ಳೇದಲ್ಲ. ಹೆತ್ತವಳಿಗೆ ತನ್ನ ಮಗುವಿನ ಯೋಗ್ಯತೆ ಗೊತ್ತಿರಲ್ವಾ?"

"ಗೊತ್ತಾದಾಗ ಪೊಲೀಸರ ಹತ್ರ ಬರಬಹುದಿತ್ತು."

"ಬಂದು ಏನಂತ ಹೇಳಲಿ? ನನ್ನ ಪರೀಕ್ಷೆ ಸರಿಯಾಗಿ ಬರ್ತಿದೆ, ದಯವಿಟ್ಟು ಯಾರನ್ನಾದ್ರೂ ಹಿಡೀರಿ ಅಂತಾನಾ?" ಮೇಡಂ ಕ್ರೀಮಿನ ಡಬ್ಬಿಯ ಮುಚ್ಚಳ ತಿರುಗಿಸಿ ಭದ್ರ ಮಾಡಿದರು. "ಸಾಕ್ಷಿ ಬೇಕಿತ್ತು. ಅದಕ್ಕೆ ಒಂದು ಸಲ ಸುಳ್ಳು ಹೇಳಿ ನೋಡಿದೆ."

ನೋಡಿದೆ. ಸಾರಿಗೆ ಉಪ್ಪು ಸರಿಯಾಗಿದೆಯೇ ಎಂದು ನಾಲಿಗೆ ತುದಿಗೆ ಹಚ್ಚಿ ನೋಡುವವರ ಹಾಗೆ ಆ ಮಾತು ಬಂದಿತ್ತು.

ಇನ್ಸ್‌ಪೆಕ್ಟರಮ್ಮನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು.

"ಈಜು ಮೇಷ್ಟ್ರು ಚೆನ್ನಾಗಿದ್ರು," ಎಂದಳು ನಿಧಾನವಾಗಿ. "ಚೆನ್ನಾಗಿದ್ದಾರೆ ಅಂತ ನಿಮಗೆ ಗೊತ್ತಿತ್ತು. 'ಹೆಚ್ಚು' ಅಂದ್ರೆ ಯಾರೋ ಅವರನ್ನ ಕೆಡಿಸ್ತಾರೆ ಅಂತ ಅನುಮಾನ ಇತ್ತು. ಇದ್ದೂ ಹೇಳಿದ್ರಿ."

"ಚೆನ್ನಾಗಿದ್ದವರ ಮೇಲೆಯೇ ಹೇಳಬೇಕಿತ್ತು. ಮೊದಲೇ ಕೆಟ್ಟಿದ್ದವರ ಮೇಲೆ ಹೇಳಿದ್ರೆ ಏನು ಸಾಬೀತಾಗುತ್ತೆ?"

"ಹುಲಿ ಬರುತ್ತಾ ಇಲ್ವಾ ನೋಡೋಕೆ ಆಡಿನ ಮರಿ ಕಟ್ಟಿದ್ರಿ."

"ಹುಲಿ ಬಂತಲ್ಲ."

"ಬಂದಾಗ ನೀವೆಲ್ಲಿದ್ರಿ? ಮರದ ಮೇಲೆ ಬಂದೂಕು ಹಿಡ್ಕೊಂಡು ಕೂತಿದ್ರಾ? ಇಲ್ಲಿ ಕೂತು ಕೈಗೆ ಗುಲಾಬಿ ಹಚ್ಕೊಳ್ತಿದ್ರಾ?"

"ಅಷ್ಟು ಬೇಗ ಆಗುತ್ತೆ ಅಂದ್ಕೊಂಡಿರಲಿಲ್ಲ. ಕಾವಲು ಇಡೋಣ ಅನ್ನುವಷ್ಟರಲ್ಲಿ..." ಮೇಡಂ ಭುಜ ಕೊಡವಿದರು. "ನನ್ನದೇನೂ ಕಲ್ಲುಹೃದಯ ಅಲ್ಲ. ಅವರು ಹೋದ ಮೇಲೆ ಎಷ್ಟೋ ದಿನ ಊಟ ಸೇರಲಿಲ್ಲ."

ಇನ್ಸ್‌ಪೆಕ್ಟರಮ್ಮ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು. ಕಟ್ಟಿಕೊಳ್ಳದಿದ್ದರೆ ಅವು ಏನು ಮಾಡುತ್ತಿದ್ದವೋ ಅವಳಿಗೇ ಗೊತ್ತಿರಲಿಲ್ಲ. ವೃತ್ತಿಯಲ್ಲಿ ಅವಳು ಕೊಲೆಗಾರರನ್ನು ಕಂಡಿದ್ದಳು. ಕುಡಿದು ಇರಿದವರನ್ನು, ಹೊಟ್ಟೆಕಿಚ್ಚಿಗೆ ವಿಷ ಹಾಕಿದವರನ್ನು. ಅವರಲ್ಲಿ ಹಲವರು ಅತ್ತಿದ್ದರು, ಕೆಲವರು ಬೈದಿದ್ದರು. ಒಬ್ಬ ಮನುಷ್ಯನ ಪ್ರಾಣವನ್ನು ತನ್ನ ಒಂದೆರಡು ಹೊತ್ತಿನ ಊಟದ ಜೊತೆ ತೂಗಿ, ಲೆಕ್ಕ ಚುಕ್ತಾ ಎಂದವರನ್ನು ಇವತ್ತೇ ಕಂಡದ್ದು.

"ಆ ಸುಳ್ಳು ಯಾರ ಕಿವಿಗೆ ಹೋಯ್ತು?"

"ಯಾವಾಗಲೂ ಹೋಗೋ ಮೂವರಿಗೆ. ದೊಡ್ಡ ಡಾಕ್ಟರು, ಅವರ ಶಿಷ್ಯ, ಮೇಲಿನ ಘಟಕದ ದೊಡ್ಡ ಸಿಸ್ಟರ್. ನಾನೇ ಫೋನ್ ಮಾಡಿ ಹೇಳ್ತೀನಿ. ಮಿಕ್ಕವರಿಗೆ ಗೊತ್ತಾಗೋದು ಆಮೇಲೆ."

"ಮೂವರಲ್ಲಿ ಒಬ್ಬರು."

"ಮೂವರಲ್ಲಿ ಒಬ್ಬರು," ಮೇಡಂ ತಲೆಯಾಡಿಸಿದರು. ಪಾಠ ಒಪ್ಪಿಸಿದ ವಿದ್ಯಾರ್ಥಿನಿಯನ್ನು ಮೆಚ್ಚಿದ ಟೀಚರಿನ ಹಾಗೆ. "ಇಂಜೆಕ್ಷನ್ ಹಾಕೋ ಕೈ ಮೂವರಿಗೂ ಇದೆ. ಹೆಸರಿನ ಹಸಿವು ದೊಡ್ಡ ಡಾಕ್ಟರಿಗೆ. ಗುರುವಿನ ಕುರ್ಚಿಯ ಮೇಲೆ ಕಣ್ಣು ಶಿಷ್ಯನಿಗೆ. ದೊಡ್ಡ ಸಿಸ್ಟರ್ ಅಂತೂ ಡಾಕ್ಟರು ಬಾವಿಗೆ ಬೀಳು ಅಂದ್ರೆ ಯಾವ ಬಾವಿ ಅಂತ ಕೇಳೋ ಪೈಕಿ. ಇಷ್ಟು ದಿನ ಮೂವರನ್ನ ಬೇರೆ ಮಾಡೋಕೆ ದಾರಿ ಇರಲಿಲ್ಲ."

"ಇಷ್ಟು ದಿನ?"

ಮೇಡಂ ಗೋಡೆಯ ಗಡಿಯಾರ ನೋಡಿದರು.

"ಈಗ ದಾರಿ ಸಿಕ್ಕಿದೆ. ಇವತ್ತು ಬೆಳಿಗ್ಗೆ ಮತ್ತೊಂದು ಸಲ ಹೇಳಿದ್ದೀನಿ."

"ಏನು ಹೇಳಿದ್ದೀರಿ?"

"ಸುಳ್ಳು. ರಕ್ತ ಚೆನ್ನಾಗಿದೆ. 'ಹೆಚ್ಚು' ಅಂದಿದ್ದೀನಿ."

"ಯಾರ ರಕ್ತ?" ಇನ್ಸ್‌ಪೆಕ್ಟರಮ್ಮನ ದನಿ ಅವಳಿಗೇ ದೂರದಿಂದ ಬಂದ ಹಾಗೆ ಕೇಳಿತು. "ಮೇಡಂ, ಯಾರದ್ದು?"

"ಮೇಲೆ ನಿನ್ನೆ ಆಪರೇಷನ್ ಆಗಿ ಮಲಗಿರೋರು ಒಬ್ಬರೇ ಅಲ್ವಾ?" ಫ್ರಿಜ್ ಮೇಡಂ ಸಣ್ಣಗೆ ನಕ್ಕರು. "ಯೋಚನೆ ಮಾಡಿ ನೋಡಿ. ಇಷ್ಟು ದಿನ ವಿಷ ಹಾಕ್ತಿದ್ದೋರು ದೊಡ್ಡ ಡಾಕ್ಟರೇ ಆಗಿದ್ರೆ, ಅವರಿಗೆ ಅವರೇ ಹಾಕ್ಕೊಳ್ಳಲ್ಲ. ಕಿಡ್ನಿ ಚೆನ್ನಾಗೇ ಇರುತ್ತೆ. ಅವರೇ ಅಪರಾಧಿ. ಕಿಡ್ನಿ ಕೆಡ್ತು ಅನ್ನಿ, ಅವರು ನಿರಪರಾಧಿ. ಮಿಕ್ಕವರು ಇಬ್ಬರೇ. ಎಷ್ಟು ಸುಲಭ!"

"ನಿರಪರಾಧಿ ಅಂತ ಗೊತ್ತಾಗೋ ಹೊತ್ತಿಗೆ ಅವರು ಸಾಯ್ತಾರೆ!"

"ಎಲ್ಲರೂ ಸಾಯಲ್ಲ," ಎಂದರು ಮೇಡಂ. "ಗಡಿಯಾರದ ಅಂಗಡಿಯವರು ಬದುಕಿಲ್ವಾ?"

ಇನ್ಸ್‌ಪೆಕ್ಟರಮ್ಮ ಬಾಗಿಲ ಬಳಿ ನಿಂತಿದ್ದ ಪೇದೆಗೆ "ಇವರ ಮೇಲೆ ಕಣ್ಣಿಡಿ," ಎಂದು ಕೂಗಿ ಮೆಟ್ಟಿಲಿನ ಕಡೆ ಓಡಿದಳು.

*

ತೀವ್ರ ನಿಗಾ ಘಟಕದ ಬಾಗಿಲಲ್ಲಿ ಅವಳನ್ನು ತಡೆದ ಕಾವಲಿನವನು "ಚಪ್ಪಲಿ ಬಿಟ್ಟು..." ಎನ್ನುವಷ್ಟರಲ್ಲಿ ಅವಳು ಬಾಗಿಲು ತಳ್ಳಿಯಾಗಿತ್ತು.

ಒಳಗೆ ತಣ್ಣಗಿತ್ತು. ಪರದೆಗಳ ನಡುವೆ ಹಾಸಿಗೆಗಳು. ಎಲ್ಲೋ ಒಂದು ಯಂತ್ರ ಟುಯ್‌ ಟುಯ್‌ ಎನ್ನುತ್ತಿತ್ತು. ಕೊನೆಯ ಹಾಸಿಗೆಯ ಪಕ್ಕದಲ್ಲಿ ದೊಡ್ಡ ಸಿಸ್ಟರ್ ನಿಂತಿದ್ದರು. ಎತ್ತರದ ಆಳು, ಬೆಳ್ಳಗಿನ ಕೂದಲು, ಇಸ್ತ್ರಿಯ ಗೆರೆ ಮುರಿಯದ ಸಮವಸ್ತ್ರ. ಹಾಸಿಗೆಯ ಮೇಲೆ ದೊಡ್ಡ ಡಾಕ್ಟರು.

ಕೆಳಗಿನ ಭಾವಚಿತ್ರಕ್ಕೂ ಈ ಮನುಷ್ಯನಿಗೂ ಸಂಬಂಧವೇ ಇರಲಿಲ್ಲ. ಗಡ್ಡ ಬಿಳಿ ಚುಕ್ಕೆಯಾಗಿ ಮೊಳೆತಿತ್ತು. ಕೊರಳಿಗೆ ಕೊಳವೆ, ಎದೆಗೆ ಪಟ್ಟಿ, ಪಟ್ಟಿಯ ಅಂಚಿನಲ್ಲಿ ಕಂದು ಬಣ್ಣಕ್ಕೆ ತಿರುಗಿದ ರಕ್ತ. ಮಂಚದ ಸರಳಿಗೆ ಮೂತ್ರದ ಚೀಲ ತೂಗುತ್ತಿತ್ತು. ತುಟಿಯ ಕೊನೆಯಲ್ಲಿ ಒಣಗಿದ ಜೊಲ್ಲು. ಎಷ್ಟೋ ಜನರನ್ನು ಹೀಗೇ ಮಲಗಿಸಿ, ಅವರ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ ಮನುಷ್ಯ.

ಇನ್ಸ್‌ಪೆಕ್ಟರಮ್ಮನ ಕಣ್ಣು ಮೇಲೆ ಹೋಯಿತು. ಕಂಬಿಗೆ ಗ್ಲೂಕೋಸಿನ ದೊಡ್ಡ ಬಾಟಲಿ. ಅದರ ಪಕ್ಕದಲ್ಲಿ ಇನ್ನೊಂದು ಸಣ್ಣ ಬಾಟಲಿ. ಅದರಿಂದ ಹನಿ, ಹನಿ, ಹನಿ.

"ಆ ಸಣ್ಣದರಲ್ಲಿ ಏನಿದೆ ಸಿಸ್ಟರ್?"

ದೊಡ್ಡ ಸಿಸ್ಟರ್ ಮಲಗಿದ್ದವರ ಕಡೆ ನೋಡಿದರು.

"ಏನಿದೆ ಅಂದೆ! ಆಂಟಿಬಯಾಟಿಕ್ಕಾ? ಈಜು ಮೇಷ್ಟ್ರಿಗೆ ಹಾಕಿದ್ದು ಇದೇನಾ?"

"ಹಾಕಿದ್ದು ನಾನೇ," ಎಂದರು ಸಿಸ್ಟರ್, ಅಳು ನುಂಗಿ. "ಇದನ್ನ ಹಾಕಿದ್ದು ನಾನೇ."

ಇನ್ಸ್‌ಪೆಕ್ಟರಮ್ಮ ಸಣ್ಣ ಬಾಟಲಿಯ ಕೊಳವೆಗೆ ಕೈ ಹಾಕಿದಳು. ಅಪ್ಪ ಕಾಯಿಲೆ ಮಲಗಿದ್ದಾಗ ಹನಿ ನಿಲ್ಲಿಸುವ ಆ ಪುಟ್ಟ ಚಕ್ರವನ್ನು ಎಷ್ಟೋ ಸಲ ತಿರುಗಿಸಿದ್ದಳು. ತಿರುಗಿಸಿದಳು. ಹನಿ ನಿಂತಿತು.

ಅವಳ ಮಣಿಕಟ್ಟಿನ ಮೇಲೆ ಒಂದು ಕೈ ಬಂದು ಬಿದ್ದಿತು. ತಣ್ಣಗಿನ, ಒದ್ದೆಯಾದ ಕೈ.

ದೊಡ್ಡ ಡಾಕ್ಟರು ಕಣ್ಣು ಬಿಟ್ಟಿದ್ದರು.

"ಬಿಡಿ," ಎಂದರು. ಗಂಟಲಿಗೆ ಕೊಳವೆ ಹಾಕಿ ತೆಗೆದಿದ್ದರಿಂದ ದನಿ ಗರಗಸದ ಹಾಗಿತ್ತು. "ಸಿಸ್ಟರ್‌ದು ತಪ್ಪಿಲ್ಲ. ನಾನೇ ಹಾಕು ಅಂದೆ."

"ನೀವೇ?"

"ಬೇಡ ಸಾರ್ ಅಂತ ಕಾಲು ಹಿಡ್ಕೊಂಡೆ," ಸಿಸ್ಟರ್ ಬಿಕ್ಕಿದರು. "ಕೇಳಲಿಲ್ಲ. ಮಲಗಿದ್ರೂ ಡಾಕ್ಟರು ಡಾಕ್ಟರೇ ಅಲ್ವಾ ಅಮ್ಮ. ಅವರ ಮಾತು ಮೀರಿ ನನಗೆ ಗೊತ್ತಿಲ್ಲ."

ಇನ್ಸ್‌ಪೆಕ್ಟರಮ್ಮ ಹಾಸಿಗೆಯ ಮೇಲೆ ಬಾಗಿದಳು. ಆ ಉಸಿರಿನ ಹುಳಿ ವಾಸನೆಗೆ ಮುಖ ತಿರುಗಿಸಬೇಕೆನಿಸಿತು. ತಿರುಗಿಸಲಿಲ್ಲ.

"ಇದರಲ್ಲಿ ಏನಿದೆ ಅಂತ ಗೊತ್ತಿದ್ದೂ ಹಾಕಿಸ್ಕೊಂಡ್ರಾ? ನಾಟಕ ಆಡ್ತಿದ್ದೀರಾ ಡಾಕ್ಟ್ರೇ? 'ಹೆಚ್ಚು' ಅಂತ ಕೇಳಿದ ಕೂಡಲೇ ಎರಡು ಹನಿ ಒಳಗೆ ಬಿಟ್ಕೊಂಡು, ನಾನೂ ಬಲಿಪಶು ಅಂತ ತೋರಿಸೋಕಾ?"

"ಹೆಚ್ಚಿಲ್ಲ," ಎಂದರು ದೊಡ್ಡ ಡಾಕ್ಟರು.

"ಏನು?"

"ನನ್ನ ರಕ್ತದಲ್ಲಿ ಏನೂ ಹೆಚ್ಚಿಲ್ಲ. ಅದು ಸುಳ್ಳು ಅಂತ ನನಗೆ ಗೊತ್ತು." ಅವರು ಉಸಿರಿಗಾಗಿ ತಡಕಾಡಿದರು. ಎದೆಯ ಪಟ್ಟಿ ಏರಿ ಇಳಿಯಿತು. "ಈಜು ಮೇಷ್ಟ್ರದ್ದೂ ಸುಳ್ಳು ಅಂತ ಗೊತ್ತಿತ್ತು."

ಇನ್ಸ್‌ಪೆಕ್ಟರಮ್ಮ ಚಕ್ರದಿಂದ ಕೈ ತೆಗೆದಳು. ಆ ಸುಳ್ಳು ಇಡೀ ಆಸ್ಪತ್ರೆಯಲ್ಲಿ ಒಬ್ಬರಿಗೆ ಮಾತ್ರ ಗೊತ್ತಿರಬೇಕಿತ್ತು.

"ಯಾರು ಹೇಳಿದ್ರು ನಿಮಗೆ?"

ಅವರು ಅವಳನ್ನು ನೋಡಲಿಲ್ಲ. ಅವಳ ಭುಜದ ಆಚೆಗೆ, ಬಾಗಿಲ ಕಡೆಗೆ ನೋಡುತ್ತಿದ್ದರು. ಆ ಕಣ್ಣುಗಳಲ್ಲಿ ಕೆಳಗಿನ ಭಾವಚಿತ್ರ ಎಂದೂ ಕಾಣದಿದ್ದ ಭಯವಿತ್ತು.

"ಅವರೇ ಹೇಳಿದ್ದು," ಎಂದರು. "ಅವತ್ತೂ ಅವರೇ ಹೇಳಿದ್ರು. ಇವತ್ತೂ ಅವರೇ. ನಿಮ್ಮ ಕಿಡ್ನಿ ಕೆಡದಿದ್ರೆ ಅಪರಾಧಿ ನೀವೇ ಅಂತ ಪೊಲೀಸರು ಹಿಡೀತಾರೆ ಅಂದ್ರು."

ಗುಲಾಬಿಯ ವಾಸನೆ ಬಂತು. ಇನ್ಸ್‌ಪೆಕ್ಟರಮ್ಮ ತಿರುಗಿದಳು.

ಫ್ರಿಜ್ ಮೇಡಂ ಅವಸರವಿಲ್ಲದೆ ನಡೆದು ಬರುತ್ತಿದ್ದರು. ಹಿಂದೆ ಪೇದೆ, ತಡೆಯಬೇಕೋ ಬಿಡಬೇಕೋ ತಿಳಿಯದೆ. ಮೇಡಂ ಇನ್ಸ್‌ಪೆಕ್ಟರಮ್ಮನ ಕಡೆ ತಿರುಗಿಯೂ ನೋಡಲಿಲ್ಲ, ಮಲಗಿದ್ದವರ ಕಡೆಯೂ ನೋಡಲಿಲ್ಲ. ಕಂಬಿಯ ಹತ್ತಿರ ನಿಂತು, ಕನ್ನಡಕವನ್ನು ಹಣೆಯಿಂದ ಇಳಿಸಿ, ಸಣ್ಣ ಬಾಟಲಿಯನ್ನು ಬೆಳಕಿಗೆ ಹಿಡಿ‍ದು ಅದರೊಳಗೆ ಎಷ್ಟು ಉಳಿದಿದೆ ಎಂದು ಪರೀಕ್ಷಿಸಿದರು.

"ಸಾಕು," ಎಂದರು. "ಬೇಕಾದಷ್ಟು ಒಳಗೆ ಹೋಗಿದೆ."